ಹೋಗಿ ಬರುತ್ತೇನೆ ಎನ್ನದೆ

ಮನೆಯಿಂದ ಹೊರಡುವಾಗ ನಮ್ಮವ್ವ 'ಹೊಂಟೆ' ಎನ್ನಗೊಡುತ್ತಿರಲಿಲ್ಲ. "ಹಂಗ ಅನಬ್ಯಾಡೋ, ಹೋಗಿ ಬರ್ತೀನಿ ಅನ್ನು" ಎಂದು ಹೊಸ್ತಿಲಲ್ಲೇ ತಡೆದು ಹೇಳಿಸುತ್ತಿದ್ದಳು. ಅಂಗಡಿಗೆ ಎಣ್ಣೆ ತರಲು ಹೊರಟರೂ ಅಷ್ಟೇ, ಸಮುದ್ರ ದಾಟಿ ಹೊರಟರೂ ಅಷ್ಟೇ. ಆ ಎರಡು ಶಬ್ದ ಬಾಯಿಂದ ಬಿದ್ದ ಮೇಲೆಯೇ ಅವಳು ಬಾಗಿಲ ಕಟ್ಟು ಬಿಟ್ಟು ಸರಿಯುತ್ತಿದ್ದಳು.

ಮನುಷ್ಯರಿಗೆ ಈ ಕಟ್ಟಳೆ ಸರಿ. ನಮ್ಮನ್ನು ಹೊತ್ತು ತಿರುಗಿದ ಗಾಡಿಗೆ, ನಾವು ನಿಂತು ಕೂಗಿದ ಬಯಲಿಗೆ ಯಾವ ಕಟ್ಟಳೆ? ಅವು ಹೋಗುವ ದಿನ ಅವುಗಳ ಪರವಾಗಿ ಆ ಮಾತು ಹೇಳುವವರು ಯಾರು? ಬ್ರ್ಯಾಡ್‌ಫರ್ಡ್‌ನಲ್ಲಿ ಕಳೆದ ವರ್ಷಗಳಲ್ಲಿ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು, ಇನ್ನೂ ಬಿಟ್ಟಿಲ್ಲ.

ಬ್ರ್ಯಾಡ್‌ಫರ್ಡ್ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಊರು, ಉಣ್ಣೆಯ ಗಿರಣಿಗಳಿಂದ ಬೆಳೆದದ್ದು. ಬಟ್ಟಲಿನ ಹಾಗೆ ನಡುವೆ ತಗ್ಗು, ಸುತ್ತ ದಿನ್ನೆ. ಪೇಟೆಗೆ ಇಳಿದವನು ಮನೆಗೆ ಏರಲೇಬೇಕು. 1882ರಲ್ಲಿ ಅಲ್ಲಿ ಕುದುರೆ ಎಳೆಯುವ ಟ್ರಾಮು ಬಂತು, ಆಮೇಲೆ ಉಗಿಯದು, 1898ರಲ್ಲಿ ವಿದ್ಯುತ್ತಿನದು. 1911ರ ಜೂನ್ 20ರಂದು ಹಳಿಯಿಲ್ಲದ ಟ್ರಾಲಿಬಸ್ಸು ಲೇಸ್ಟರ್‌ಡೈಕ್‌ನಿಂದ ಡಡ್ಲಿ ಹಿಲ್‌ವರೆಗೆ ಓಡಿತು. ಬ್ರಿಟನ್ನಿನಲ್ಲಿ ಟ್ರಾಲಿಬಸ್ಸನ್ನು ಮೊದಲು ಕಂಡದ್ದು ಆ ಊರು ಮತ್ತು ನೆರೆಯ ಲೀಡ್ಸ್, ಎರಡೂ ಒಂದೇ ದಿನ. ಕೊನೆಯ ಟ್ರಾಮು ಶೆಡ್ಡು ಸೇರಿದ್ದು 1950ರ ಮೇ 6ರಂದು. ಕೊನೆಯ ಟ್ರಾಲಿಬಸ್ಸು ನಿಂತದ್ದು 1972ರ ಮಾರ್ಚ್ 26, ಭಾನುವಾರ. ಇಡೀ ಬ್ರಿಟನ್ನಿಗೇ ಅದು ಕೊನೆಯದು.

ಇವು ಯಾವುವೂ ಓಡುವುದನ್ನು ನಾನು ನೋಡಿದವನಲ್ಲ. ನಾನು ಹೋಗುವ ಹೊತ್ತಿಗೆ ತಂತಿ ಇಳಿಸಿ ಎಷ್ಟೋ ವರ್ಷವಾಗಿತ್ತು. ನನಗೆ ಸಿಕ್ಕದ್ದು ಇಬ್ಬರು ಮುದುಕರ ಬಾಯಿಮಾತು. ಎಡಗಡೆಯ ಮನೆಯಲ್ಲಿ ಗಿರಣಿಯಲ್ಲಿ ಉಣ್ಣೆ ವಿಂಗಡಿಸುತ್ತಿದ್ದ ಇಂಗ್ಲಿಷ್ ಅಜ್ಜ. ಎರಡು ಮನೆ ಆಚೆ ಪಾಕಿಸ್ತಾನದ ಮೀರ್‌ಪುರದಿಂದ ಬಂದು ಟ್ರಾಲಿಬಸ್ಸಿನ ಕಂಡಕ್ಟರ್ ಆಗಿದ್ದ ಚಾಚಾ. ಬಸ್ಸಿಗೆ ಬಳಿದಿದ್ದ ನೀಲಿ ಎಷ್ಟು ಗಾಢವಾಗಿತ್ತು ಎಂಬ ಮಾತಿಗೆ ಇಬ್ಬರೂ ಅರ್ಧ ಗಂಟೆ ಜಗಳವಾಡುವುದನ್ನು ಕೇಳಿದ್ದೇನೆ. ಆ ಜಗಳದಲ್ಲಿ ಅವರಿಗಿದ್ದ ಶ್ರದ್ಧೆ ನನಗೆ ದೊಡ್ಡದಾಗಿ ಕಂಡಿತು. ಒಂದು ಬಣ್ಣ ಲೋಕದಲ್ಲಿ ಉಳಿದಿರುವುದು ಇಬ್ಬರ ಕಣ್ಣಲ್ಲಿ ಮಾತ್ರವಾದರೆ, ಅದನ್ನು ತಪ್ಪಾಗಿ ಹೇಳುವುದು ಸಣ್ಣ ತಪ್ಪೇನಲ್ಲ.

ಅಜ್ಜನೇ ನನ್ನನ್ನು ಪಾರ್ಕ್ ಅವೆನ್ಯೂ ಮೈದಾನಕ್ಕೆ ಕರೆದುಕೊಂಡು ಹೋದದ್ದು. ಹಾರ್ಟನ್ ಪಾರ್ಕಿನ ಮಗ್ಗುಲಿಗಿರುವ ಆ ಜಾಗದಲ್ಲಿ ಒಂದೆಡೆ ಕ್ರಿಕೆಟ್ ಅಂಗಳ, ಬೆನ್ನಿಗೆ ಬೆನ್ನು ಹಚ್ಚಿ ಫುಟ್‌ಬಾಲ್ ಅಂಗಳ. ನಡುವೆ ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಾಂತ ವಿನ್ಯಾಸಕ 1907ರಲ್ಲಿ ಕಟ್ಟಿಸಿದ ಜೋಡುಮುಖದ ಸ್ಟ್ಯಾಂಡು: ಒಂದು ಮುಖ ಕ್ರಿಕೆಟ್ಟಿಗೆ, ಇನ್ನೊಂದು ಫುಟ್‌ಬಾಲಿಗೆ, ಮಾಡಿನ ಮೇಲೆ ಮೂರು ತ್ರಿಕೋನ ಗೋಡೆ. ಮೂಲೆಯಲ್ಲಿ ಆಟಗಾರರು ಬಟ್ಟೆ ಬದಲಿಸುವ ಪುಟ್ಟ ಕಟ್ಟಡ, ಜನ ಅದನ್ನು 'ಗೊಂಬೆಮನೆ' ಎಂದು ಕರೆಯುತ್ತಿದ್ದರು. ಬ್ರ್ಯಾಡ್‌ಫರ್ಡ್ ಪಾರ್ಕ್ ಅವೆನ್ಯೂ ಕ್ಲಬ್ಬು 1908ರಲ್ಲಿ ಲೀಗಿಗೆ ಸೇರಿತು, 1914ರಿಂದ 1921ರವರೆಗೆ ಮೊದಲ ಡಿವಿಷನ್ನಿನಲ್ಲಿತ್ತು. ಲೆನ್ ಶಾಕಲ್ಟನ್ ಆಡುತ್ತಿದ್ದದ್ದು ಇಲ್ಲಿಯೇ. 1946ರಲ್ಲಿ ನ್ಯೂಕ್ಯಾಸಲ್ಲಿಗೆ ಮಾರಾಟವಾಗಿ ಹೋಗಿ, ಅಲ್ಲಿನ ಮೊದಲ ಪಂದ್ಯದಲ್ಲೇ ಆರು ಗೋಲು ಹೊಡೆದವನು. ಅಜ್ಜ ಅದನ್ನು ಹೇಳುವಾಗ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟವನ ಹೆಮ್ಮೆ, ಸಂಕಟ ಎರಡೂ ದನಿಯಲ್ಲಿರುತ್ತಿದ್ದವು.

ಈಗ ಅಲ್ಲಿ ಏನಿದೆ? ಸ್ಟ್ಯಾಂಡನ್ನು 1980ರಲ್ಲಿ ಕೆಡವಿದರು. ಅಂಗಳದ ಒಂದು ಪಾಲಿನ ಮೇಲೆ ಕಟ್ಟಡವೆದ್ದಿದೆ. ಉಳಿದದ್ದು ಒಂದು ಬದಿಯ ಮೆಟ್ಟಿಲಸಾಲು. ಅದರ ಸಂದಿಗಳಿಂದ ಮರಗಳೆದ್ದು, ಕಾಂಡಗಳು ತೋಳಿಗಿಂತ ದಪ್ಪವಾಗಿ, ಸಿಮೆಂಟಿನ ಅಂಚನ್ನು ಎತ್ತಿ ಒಡೆದಿವೆ. ಅಜ್ಜ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಎಣಿಸುತ್ತ ಹತ್ತಿದ. ಒಂದು ಕಡೆ ನಿಂತು ಬೂಟಿನ ತುದಿಯಿಂದ ಒದ್ದೆ ಎಲೆ ಸರಿಸಿದ, ಪಾಚಿ ಕೆರೆದ. ಅಲ್ಲಿ ಕಬ್ಬಿಣದ ಕಟಕಟೆ ನೆಟ್ಟಿದ್ದ ತೂತು, ಒಳಗೆ ತುಕ್ಕಿನ ಕೆಂಪು. "ಇದು ಅಪ್ಪ ಒರಗುತ್ತಿದ್ದ ಜಾಗ" ಎಂದ. ಅಪ್ಪ ಒರಗುತ್ತಿದ್ದ, ಮಗ ಅದರ ಮೇಲೆ ಹತ್ತಿ ಕೂರುತ್ತಿದ್ದ. ಆಮೇಲೆ ಮಗ ಒರಗಿದ.

1970ರಲ್ಲಿ ಉಳಿದ ಕ್ಲಬ್ಬುಗಳು ಮತ ಹಾಕಿ ಪಾರ್ಕ್ ಅವೆನ್ಯೂವನ್ನು ಲೀಗಿನಿಂದ ಹೊರಗಿಟ್ಟವು, ಅದರ ಜಾಗಕ್ಕೆ ಕೇಂಬ್ರಿಡ್ಜ್ ಯುನೈಟೆಡ್ ಬಂತು. 1973ರಲ್ಲಿ ಮೈದಾನ ಮಾರಿದರು. ಕ್ಲಬ್ಬು ಕೊನೆಯ ಒಂದು ಋತುವನ್ನು ಊರಿನ ಎದುರಾಳಿಯ ಅಂಗಳವಾದ ವ್ಯಾಲಿ ಪೆರೇಡಿನಲ್ಲಿ ಬಾಡಿಗೆಯವನಂತೆ ಆಡಿ 1974ರಲ್ಲಿ ಮುಳುಗಿತು. ಅದೇ ಹೆಸರಿನಲ್ಲಿ 1988ರಲ್ಲಿ ಮತ್ತೆ ಕಟ್ಟಿದರು, ಆದರೆ ಈ ಮೆಟ್ಟಿಲುಗಳಿಗೆ ಯಾರೂ ಮರಳಲಿಲ್ಲ. ತಾನು ಕೊನೆಯ ಸಲ ಇಲ್ಲಿ ನಿಂತದ್ದು ಯಾವ ಶನಿವಾರವೆಂದು ಅಜ್ಜನಿಗೆ ನೆನಪಿಲ್ಲ. ಕೊನೆಯದೆಂದು ಗೊತ್ತಿದ್ದರೆ ತಾನೇ ನೆನಪಿಡುವುದು? ಮಳೆ ಬರುವಂತಿತ್ತು, ಟೋಪಿ ಎಳೆದುಕೊಂಡು ಬಸ್ಸಿಗೆ ನಡೆದಿರಬೇಕು, ಅಷ್ಟೇ. ಅವನನ್ನು ಕೊರೆಯುತ್ತಿದ್ದದ್ದು ಸೋಲುಗಳಲ್ಲ, ಸೋಲು ಅವನಿಗೆ ರೂಢಿಯಾಗಿತ್ತು. ತಿರುಗಿ ನೋಡದೆ ನಡೆದದ್ದು ಕೊರೆಯುತ್ತಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈ ಮೈದಾನ ಮೊದಲು ರಗ್ಬಿಯದು. 1907ರಲ್ಲಿ ಕ್ಲಬ್ಬಿನವರು ರಗ್ಬಿ ಬಿಟ್ಟು ಫುಟ್‌ಬಾಲಿಗೆ ಹೊರಳಿದರು. ಮನೆ ಕಳೆದುಕೊಂಡ ರಗ್ಬಿಯ ಜನ ಅದನ್ನು 'ಮಹಾದ್ರೋಹ' ಎಂದು ಕರೆದರು, ಹೊರಬಿದ್ದು ಬ್ರ್ಯಾಡ್‌ಫರ್ಡ್ ನಾರ್ದರ್ನ್ ಎಂಬ ಬೇರೆ ಕ್ಲಬ್ಬು ಕಟ್ಟಿಕೊಂಡರು. ಅಂದರೆ ಅಜ್ಜನ ಅಪ್ಪ ಒರಗಿದ ಜಾಗದಲ್ಲಿ ಅವನಿಗಿಂತ ಮುಂಚೆ ಇನ್ನಾರೋ ನಿಂತಿದ್ದರು, ಅವರಿಗೂ ಯಾರೂ ಹೇಳಿ ಕಳಿಸಿರಲಿಲ್ಲ. ಇದನ್ನು ನನಗೆ ಹೇಳಿದ್ದು ಅಜ್ಜನೇ, ಮುಚ್ಚಿಡದೆ ಹೇಳಿದ. ತನ್ನ ಸುಖದ ಅಡಿಯಲ್ಲಿ ಬೇರೊಬ್ಬರ ನೋವಿತ್ತೆಂದು ಒಪ್ಪಿಕೊಂಡೇ ನೆನೆಯುವ ನೆನಪಿಗೆ ಒಂದು ಶುದ್ಧಿ ಇರುತ್ತದೆ.

ಹಾಗೆ ಹೊರಬಿದ್ದ ರಗ್ಬಿಯವರು ಮುಂದೆ ಊರಾಚೆಯ ಆಡ್ಸಲ್‌ನಲ್ಲಿ, ಕಸ ಸುರಿಯುತ್ತಿದ್ದ ತಗ್ಗಿನಲ್ಲಿ, 1934ರಲ್ಲಿ ದೊಡ್ಡ ಅಂಗಳ ಮಾಡಿಕೊಂಡರು. 1954ರಲ್ಲಿ ಒಂದು ಕಪ್ ಫೈನಲ್ಲಿನ ಮರುಪಂದ್ಯಕ್ಕೆ ಅಲ್ಲಿ 1,02,569 ಜನ ಸೇರಿದ್ದು ದಾಖಲೆಯಲ್ಲಿದೆ. ಊರಿನ ಟ್ರಾಮುಗಳೆಲ್ಲ ಗುಜರಿಗೆ ಹೋದಾಗ 104ನೆಯ ನಂಬರಿನ ಟ್ರಾಮಿನ ಮೈ ಆ ಆಡ್ಸಲ್ ಅಂಗಳ ಸೇರಿತು. ಅದರೊಳಗೆ ಕುಳಿತು ಸ್ಕೋರು ಬರೆಯುತ್ತಿದ್ದರು. ಬೇರೆಯವರು ಬಿಸಾಕಿದ್ದನ್ನು ಒಳಗೆ ಕರೆದು ಕೆಲಸ ಕೊಟ್ಟವರು, ತಾವೇ ಒಮ್ಮೆ ಹೊರಹಾಕಿಸಿಕೊಂಡವರು. ಅವರೇನೂ ಹಾಗೆಂದು ಯೋಚಿಸಿ ಮಾಡಿರಲಾರರು, ಮಳೆಗೆ ಸೂರು ಬೇಕಿತ್ತು, ಟ್ರಾಮು ಅಗ್ಗಕ್ಕೆ ಸಿಕ್ಕಿರಬೇಕು. ಆದರೂ ನನಗೆ ಆ ಸಂಗತಿ ಪ್ರಿಯ. ಆ ಆಸರೆಯಿಂದಲೇ ಟ್ರಾಮು ಉಳಿಯಿತು. ಮುಂದೆ ಅದನ್ನು ರಿಪೇರಿ ಮಾಡಿದರು, ಈಗ ಊರಿನ ಕೈಗಾರಿಕಾ ಮ್ಯೂಸಿಯಮ್ಮಿನಲ್ಲಿದೆ.

ಇನ್ನು ಚಾಚಾನ ಟ್ರಾಲಿಬಸ್ಸು. ಟ್ರಾಮಿಗೆ ಮೇಲೆ ಒಂದು ತಂತಿ ಸಾಕು, ವಿದ್ಯುತ್ತು ಹಳಿಗಿಳಿದು ಹಿಂದಿರುಗುತ್ತದೆ. ಟ್ರಾಲಿಬಸ್ಸಿಗೆ ರಬ್ಬರಿನ ಗಾಲಿ, ಹಳಿಯಿಲ್ಲ. ಆದ್ದರಿಂದ ಬರಲು ಒಂದು, ಮರಳಲು ಒಂದು, ಎರಡು ತಂತಿ ಬೇಕು. ನೆತ್ತಿಯ ಮೇಲೆ ಎರಡು ಉದ್ದನೆಯ ಕೋಲು ಆ ತಂತಿಗಳನ್ನು ಹಿಡಿದುಕೊಂಡು ಸಾಗುತ್ತವೆ. ಹೊಗೆಯಿಲ್ಲ, ಗದ್ದಲವಿಲ್ಲ, ಡೀಸೆಲ್ ಬಸ್ಸು ಏದುಸಿರು ಬಿಡುವ ಏರನ್ನು ಅದು ಸದ್ದಿಲ್ಲದೆ ಹತ್ತುತ್ತಿತ್ತು. ತಿರುವಿನಲ್ಲಿ ಒಮ್ಮೊಮ್ಮೆ ಕೋಲು ತಂತಿಯಿಂದ ಜಾರಿ ಆಕಾಶಕ್ಕೆ ನೆಟ್ಟಗೆ ನಿಂತುಬಿಡುತ್ತಿತ್ತು. ಆಗ ಕಂಡಕ್ಟರ್ ಇಳಿದು, ಬಸ್ಸಿನ ಅಡಿಯ ಕೊಳವೆಯಿಂದ ಮಾರುಗಟ್ಟಲೆ ಉದ್ದದ ಬಿದಿರು ಎಳೆದು, ತುದಿಯ ಕೊಕ್ಕೆಗೆ ಕೋಲನ್ನು ಸಿಕ್ಕಿಸಿ, ಕತ್ತೆತ್ತಿ ಗುರಿ ಹಿಡಿದು ತಂತಿಗೆ ಕೂರಿಸಬೇಕು. ಮಳೆಯಲ್ಲಿ ನೀಲಿ ಕಿಡಿ ಹಾರುತ್ತಿತ್ತಂತೆ. "ಊರಲ್ಲಿ ಬಿದಿರಿನಿಂದ ಹಣ್ಣು ಉದುರಿಸುತ್ತಿದ್ದವನು ನಾನು, ಮೊದಲ ದಿನವೇ ಕೈ ಕುದುರಿತು" ಎನ್ನುತ್ತಿದ್ದರು ಚಾಚಾ. ಹೇಳುವಾಗ ಎಂಬತ್ತರ ಆ ಕೈಗಳು ತಾವಾಗಿ ಮೇಲೇಳುತ್ತಿದ್ದವು, ಒಂದರ ಮೇಲೊಂದು, ಇಲ್ಲದ ಬಿದಿರನ್ನು ಹಿಡಿದು.

ಬೇರೆ ಊರುಗಳು ಒಂದೊಂದಾಗಿ ಟ್ರಾಲಿಬಸ್ಸನ್ನು ಕೈಬಿಡುತ್ತಿದ್ದಾಗ ಬ್ರ್ಯಾಡ್‌ಫರ್ಡ್ ಅವುಗಳನ್ನು ಕೊಂಡು ತಂದಿತು. ಡಾರ್ಲಿಂಗ್ಟನ್, ಸೇಂಟ್ ಹೆಲೆನ್ಸ್, ಮೆಕ್ಸ್‌ಬರೋ ಕಡೆಯವು ಇಲ್ಲಿ ಬಂದು ಇನ್ನಷ್ಟು ವರ್ಷ ಓಡಿದವು. ನೆರೆಯವರು ಬೇಡವೆಂದ ಹಸುವನ್ನು ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಬರುವ ರೈತನ ಹಾಗೆ. ಕೊನೆಗೆ ಇವರಿಗೂ ಸಾಗಲಿಲ್ಲ. ಬಿಡಿಭಾಗ ಮಾಡುವವರೇ ಇಲ್ಲವಾದರು, ಪೇಟೆಯ ರಸ್ತೆ ಬದಲಾದಾಗಲೆಲ್ಲ ತಂತಿ ಸರಿಸುವ ಖರ್ಚು, ಡೀಸೆಲ್ಲು ಅಗ್ಗ. ಆದರೆ ಕೊನೆಯ ಗಾಡಿ, 844ನೆಯದು, ಸುಮ್ಮನೆ ಹೋಗಲಿಲ್ಲ. ಜನ ನಿಂತು ನೋಡಿ ಕಳಿಸಿದರು. ಮೈದಾನಕ್ಕೆ ಸಿಗದ ವಿದಾಯ ಅದಕ್ಕೆ ಸಿಕ್ಕಿತು.

ಚಾಚಾ ಮೀರ್‌ಪುರ ಬಿಟ್ಟದ್ದು ಮಂಗ್ಲಾ ಅಣೆಕಟ್ಟಿನ ಕೆಲಸ ಶುರುವಾದ ಕಾಲಕ್ಕೆ. 1967ರಲ್ಲಿ ಅಣೆಕಟ್ಟು ಮುಗಿಯಿತು, ಝೇಲಮ್ ನದಿಯ ನೀರು ಹಳೆಯ ಪಟ್ಟಣವನ್ನೂ ಸುತ್ತಲ ಹಳ್ಳಿಗಳನ್ನೂ ಮುಚ್ಚಿತು. ನೀರು ಅವರ ಮನೆಯ ಅಂಗಳಕ್ಕೆ ಬಂದ ದಿನ ಅವರು ಬ್ರ್ಯಾಡ್‌ಫರ್ಡಿನ ಯಾವುದೋ ಏರಿನಲ್ಲಿ ಬಿದಿರು ಹಿಡಿದು ನಿಂತಿದ್ದರು. ಸುದ್ದಿ ತಲುಪಿದ್ದು ಕಾಗದದಲ್ಲಿ, ವಾರಗಳ ಮೇಲೆ.

ಊರಿಗೆ ಊರೇ ಕಳೆದುಕೊಂಡವರ ಎದುರು ಬಸ್ಸು, ಫುಟ್‌ಬಾಲು ಎಂದು ಮಿಡುಕುವುದು ಸಣ್ಣತನವಲ್ಲವೇ? ನಾನು ಹಾಗೆಯೇ ತಿಳಿದಿದ್ದೆ. ಅಜ್ಜನ ಮಾತಿಗೆ ಒಳಗೊಳಗೇ ಬೇಸರಪಟ್ಟಿದ್ದೂ ಉಂಟು. ಆದರೆ ಪಾಚಿಗಟ್ಟಿದ ಆ ಮೆಟ್ಟಿಲಿನ ವಿಷಯವನ್ನು ಅಜ್ಜನಿಂದ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದವರು ಚಾಚಾ ಒಬ್ಬರೇ. ನಷ್ಟ ಯಾರದು ದೊಡ್ಡದೆಂದು ತೂಗುವ ಯೋಚನೆ ನನಗೆ ಬಂದಿತ್ತು, ಅವರಿಗೆ ಬರಲೇ ಇಲ್ಲ. 1972ರ ಆ ಭಾನುವಾರ ತಾನೂ ರಸ್ತೆಯಲ್ಲಿ ನಿಂತಿದ್ದೆ, ಅತ್ತುಬಿಟ್ಟೆ ಎಂದು ಒಮ್ಮೆ ಹೇಳಿದರು. ಬಸ್ಸಿಗಾಗಿ ಮಾತ್ರವೇ ಎಂದು ನಾನು ಕೇಳಲಿಲ್ಲ.

'ಆಗ ಊರು ನಮ್ಮದಾಗಿತ್ತು' ಎಂದು ಹಳೆಯ ದಿನಗಳನ್ನು ಹೊಗಳುವವರೂ ಆ ಊರಲ್ಲಿದ್ದಾರೆ. ಎಲ್ಲ ಊರಲ್ಲೂ ಇದ್ದಾರೆ. ಟ್ರಾಮನ್ನು, ಮೈದಾನವನ್ನು ನೆನೆಯುತ್ತ ನೆನೆಯುತ್ತ, ಅವೆಲ್ಲ ಹೋದದ್ದಕ್ಕೆ ಆಮೇಲೆ ಬಂದವರೇ ಕಾರಣವೆಂಬಂತೆ ಮಾತು ಮುಗಿಸುತ್ತಾರೆ. ಆ ಮಾತು ಕೇಳಿದಾಗ ನನ್ನ ಮೈ ಉರಿಯುತ್ತದೆ. ತಂತಿ ಇಳಿಸಿದ್ದು ಲೆಕ್ಕಪತ್ರ, ಮೈದಾನ ಮಾರಿಸಿದ್ದು ಸಾಲ. ಚಾಚಾನ ಬಿದಿರಿಗೆ ಜಾಗವಿಲ್ಲದ ಟ್ರಾಲಿಬಸ್ಸಿನ ನೆನಪು ಸುಳ್ಳು ನೆನಪು. ಮೈದಾನಕ್ಕೆ ಜನರನ್ನು ಇಳಿಸುತ್ತಿದ್ದ ಹಾರ್ಟನ್ ಪಾರ್ಕ್ ರೈಲು ನಿಲ್ದಾಣವಿದ್ದ ಜಾಗದಲ್ಲಿ ಈಗ ದೊಡ್ಡ ಮಸೀದಿಯಿದೆ. ಶುಕ್ರವಾರ ಚಾಚಾ ಅಲ್ಲಿಂದ ಹೊರಬರುವಾಗ ಅಜ್ಜ ಎದುರಿನ ಪಾರ್ಕಿನ ಬೆಂಚಿನಲ್ಲಿ ಕಾಯುತ್ತಿದ್ದ. ಇಬ್ಬರೂ ನಡೆದು ಮನೆಗೆ ಬರುತ್ತಿದ್ದರು, ನೀಲಿಯ ಜಗಳ ಮುಂದುವರಿಸುತ್ತ.

ನಾನು ಬಾಗಲಕೋಟೆಯವನು ಎಂದು ಅವರಿಗೆ ಹೇಳಿದ್ದು ತಡವಾಗಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಗೆ ಬಂದಾಗ ನಾನೂ ದೂರದಲ್ಲಿದ್ದೆ. ಅಳತೆಯವರು ಬಂದದ್ದು, ಗೋಡೆಗೆ ನಂಬರು ಬರೆದದ್ದು, ತೊಲೆ, ಚೌಕಟ್ಟು ಬಿಚ್ಚಿ ನವನಗರಕ್ಕೆ ಸಾಗಿಸಿದ್ದು ಎಲ್ಲ ಫೋನಿನಲ್ಲಿ ಕೇಳಿದೆ. ಕೊನೆಯ ದಿನ ಅವ್ವ ಬರೀ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲೇ ಇಲ್ಲದ ಮನೆಗೆ "ಹೋಗಿ ಬರ್ತೀನಿ" ಎಂದು ಹೇಳಿ ಬಂದಳಂತೆ. ನಾನು ಹೇಳಿರಲಿಲ್ಲ. ಇಷ್ಟು ಹೇಳಿ ಮುಗಿಸಿದಾಗ ಚಾಚಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮೂರಿನ ವಿಷಯ ಹೇಳಿದರು. ಚಳಿಗಾಲದಲ್ಲಿ ಮಂಗ್ಲಾದ ನೀರು ಇಳಿಯುತ್ತದೆ, ಹಳೆಯ ದರ್ಗಾ, ಗುಡಿ, ಗೋರಿಗಳು ಕೆಸರಿನಿಂದ ಮೇಲೇಳುತ್ತವೆ, ಜನ ಹೋಗಿ ದೀಪ ಹಚ್ಚಿ ಬರುತ್ತಾರೆ. ತಾವೂ ಒಮ್ಮೆ ಹೋಗಿದ್ದರು. ಮನೆಯ ಪಾಯ ಸಿಕ್ಕಿತ್ತು, ಒಲೆಯ ಕಲ್ಲೂ.

"ನಿಮ್ಮ ಕಡೆ ನೀರು ಯಾವ ತಿಂಗಳಲ್ಲಿ ಇಳಿಯುತ್ತದೆ, ಬೇಟಾ?" ಎಂದು ಕೇಳಿದರು.

"ಬ್ಯಾಸಗಿಗೆ, ಚಾಚಾ. ಮೇ ತಿಂಗಳು" ಎಂದೆ.

"ಹಾಗಾದರೆ ಮೇ ತಿಂಗಳಲ್ಲಿ ಹೋಗಿ ಬಾ" ಎಂದರು.