ಕನ್ನದ ಕಾಯಕವೂ ಗಣಕಯಂತ್ರವೂ

ಸತ್ಯಶುದ್ಧ ಕಾಯಕದಿಂದ ಬಂದುದೇ ಲಿಂಗಜಂಗಮರಿಗೆ ಸಲ್ಲತಕ್ಕದ್ದು, ವಂಚನೆಯಿಂದ ಬಂದುದು ಸಲ್ಲದು ಎಂಬುದು ಶರಣಧರ್ಮದ ಮೂಲತತ್ತ್ವ. ಇದನ್ನೊಪ್ಪದ ಭಕ್ತನಿಲ್ಲ. ಆದರೆ ಕಾಲವು ಹೊಸ ಹೊಸ ವೃತ್ತಿಗಳನ್ನು ತಂದೊಡ್ಡಿದಾಗ ಯಾವುದು ಕಾಯಕ, ಯಾವುದು ವಂಚನೆ ಎಂದು ವಿವೇಚಿಸುವ ಹೊಣೆ ಗೃಹಸ್ಥನ ಮೇಲೆ ಬೀಳುತ್ತದೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂತಹ ಊರಿನಿಂದ ಬೆಂಗಳೂರಿಗೆ ಹೋಗಿ ಗಣಕಯಂತ್ರದ ವಿದ್ಯೆ ಕಲಿತ ಮಗನು, “ಅಪ್ಪಾ, ಪರರ ಗಣಕಕ್ಕೆ ಕನ್ನ ಕೊರೆದು ಅದರ ದೋಷ ಹುಡುಕುವುದೇ ನನ್ನ ಕೆಲಸ” ಎಂದರೆ, ಕಬ್ಬು ಭತ್ತ ಬೆಳೆದು ದಾಸೋಹ ನಡೆಸಿದ ತಂದೆ ಏನೆನ್ನಬೇಕು? ಆ ಸಂಬಳದ ಪಾಲನ್ನು ಜಂಗಮಕ್ಕೆ ಅರ್ಪಿಸಬಹುದೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಈಗಿನವರು ಹ್ಯಾಕಿಂಗ್ ಎಂದು ಕರೆಯುವ ಈ ಕೃತ್ಯಕ್ಕೆ ಕನ್ನಡದಲ್ಲಿ ಕನ್ನವೆಂಬ ಹೆಸರು ಬಂದಿರುವುದು ಉಚಿತವೇ ಆಗಿದೆ. ಶರಣರ ಗಣದಲ್ಲಿ ಕನ್ನದ ಮಾರಿತಂದೆಯೆಂಬುವನೊಬ್ಬನಿದ್ದನು. ಕನ್ನ ಕೊರೆಯುವುದು ಆತನ ವೃತ್ತಿಯಾಗಿತ್ತೆಂದು ಹೆಸರೇ ಹೇಳುತ್ತದೆ. ಶರಣನಾದ ಮೇಲೆ ಆತನು ತನ್ನ ವಚನದಲ್ಲಿ ಆ ವೃತ್ತಿಯನ್ನೇ ತಲೆಕೆಳಗು ಮಾಡಿದನು. ಕತ್ತಲನ್ನು ಆಶ್ರಯಿಸುವುದಿಲ್ಲವೆಂದೂ, ಮೈಮರೆತು ಮಲಗಿದವರನ್ನು ದೋಚುವುದಿಲ್ಲವೆಂದೂ ಆಣೆಯಿಟ್ಟು, ಮಲಗಿದವರನ್ನು ಎಚ್ಚರಿಸಿ ಅವರ ಸೊತ್ತನ್ನು ಅವರಿಗೇ ತೋರಿಸುವುದು ತನ್ನ ಕೆಲಸವೆಂದನು. ಅಜ್ಞಾನನಿದ್ರೆಯಲ್ಲಿರುವ ಜೀವನನ್ನು ಎಬ್ಬಿಸಿ ಆತನೊಳಗಿನ ಲಿಂಗವನ್ನು ತೋರುವ ಗುರುಕೃಪೆಯೇ ಇದರ ಒಳಗಿನ ಅರ್ಥ. ಆದರೆ ಹೊರಗಿನ ಅರ್ಥವೂ ಇಂದಿನ ಪ್ರಶ್ನೆಗೆ ದೀಪವಾಗಬಲ್ಲುದು. ಕೊರೆಯುವ ಕೈಚಳಕ ಒಂದೇ. ಒಡೆಯನನ್ನು ಎಬ್ಬಿಸಿದನೋ, ಮಲಗಿರುವಾಗಲೇ ದೋಚಿದನೋ ಎಂಬುದರಲ್ಲಿ ಧರ್ಮಾಧರ್ಮಗಳ ಭೇದವಿದೆ.

ನಮ್ಮ ನಾಡಿನಲ್ಲಿಯೇ ನಡೆದುದನ್ನು ನೋಡಬಹುದು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಬಿದ್ದು, ಗುತ್ತಿಗೆದಾರರು ಕಟ್ಟಿದ್ದ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಅಪಹೃತವಾಯಿತು. ಗೋಡೆಯಿಲ್ಲದ ಕನ್ನವಾದರೂ ಇದು ಕಳವೇ ಸರಿ; ಇಲ್ಲಿ ವಾದಕ್ಕೆಡೆಯಿಲ್ಲ. ಇದಕ್ಕೆ ಪ್ರತಿಯಾಗಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಆನಂದ ಪ್ರಕಾಶನೆಂಬ ತಂತ್ರಜ್ಞನು 2016ರಲ್ಲಿ ಫೇಸ್‌ಬುಕ್ಕಿನ ಒಂದು ದೋಷವನ್ನು ಕಂಡನು. ಗುಪ್ತಪದ ಮರೆತವರಿಗೆ ಬರುವ ಆರಂಕಿಯ ಸಂಖ್ಯೆಯನ್ನು ಅದರ ಪ್ರಾಯೋಗಿಕ ತಾಣದಲ್ಲಿ ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದಾಗಿತ್ತು. ಹಾಗಾಗಿ ಯಾರ ಖಾತೆಯನ್ನಾದರೂ ತೆರೆಯಬಹುದಾಗಿತ್ತು. ಆತನು ಪರರ ಖಾತೆಯನ್ನು ಮುಟ್ಟದೆ, ತನ್ನ ಖಾತೆಯ ಮೇಲೆಯೇ ಪರೀಕ್ಷಿಸಿ, ಸಂಸ್ಥೆಗೆ ತಿಳಿಸಿದನು. ಸಂಸ್ಥೆಯು ದೋಷವನ್ನು ಸರಿಪಡಿಸಿ 15,000 ಡಾಲರ್ ಬಹುಮಾನವಿತ್ತಿತು. ಇದು ಮಲಗಿದವನನ್ನು ಎಬ್ಬಿಸಿದ ಕನ್ನ.

ಇವೆರಡರ ನಡುವೆಯೂ ಪ್ರಸಂಗಗಳುಂಟು. ಅನುಮತಿಯಿಲ್ಲದೆ ಆಧಾರ್ ವಿವರಗಳನ್ನು ಪಡೆಯುವ ಆಪ್ ಒಂದನ್ನು ರಚಿಸಿದನೆಂಬ ಆಪಾದನೆಯ ಮೇಲೆ 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಂತ್ರಜ್ಞನೊಬ್ಬನ ಬಂಧನವಾಯಿತು. ಇಂತಹ ಪ್ರಸಂಗಗಳಲ್ಲಿ, ವ್ಯವಸ್ಥೆಯ ದೌರ್ಬಲ್ಯ ಬಯಲಾದುದು ಲೋಕಕ್ಕೆ ಉಪಕಾರವೇ ಅಲ್ಲವೆ ಎಂದು ಕೇಳುವವರುಂಟು. ಆದರೆ ನಾಲೆಯ ಬಯಲಿನ ರೈತನಿಗೆ ಇದರ ಉತ್ತರ ತಿಳಿದೇ ಇದೆ. ನೆರೆಯವನ ಗದ್ದೆಯ ಬದು ಒಡೆದುದನ್ನು ಕಂಡರೆ ಆತನನ್ನು ಕೂಗಿ ಹೇಳುವುದು ನೆರೆಹೊರೆಯ ಧರ್ಮ. ಅದೇ ಬಿರುಕಿನಿಂದ ರಾತ್ರಿ ತನ್ನ ಗದ್ದೆಗೆ ನೀರು ಹರಿಸಿಕೊಂಡು, ಬೆಳಿಗ್ಗೆ “ನಿನ್ನ ಬದು ಸಡಿಲವಾಗಿತ್ತು” ಎಂದರೆ ಅದು ಉಪಕಾರವಾಗದು.

ರಾಜಶಾಸನವೂ ಹೀಗೆಯೇ ಹೇಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಒಡೆಯನ ಅನುಮತಿಯಿಲ್ಲದ ಪ್ರವೇಶವನ್ನು ತಪ್ಪೆನ್ನುತ್ತದೆ. ಅದನ್ನೇ ಅಪ್ರಾಮಾಣಿಕತೆಯಿಂದಾಗಲಿ ವಂಚನೆಯಿಂದಾಗಲಿ ಮಾಡಿದವನಿಗೆ 66ನೆಯ ಕಲಮಿನ ಮೇರೆಗೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು. ತೆರೆಯಬಲ್ಲೆನೆಂಬುದು ತೆರೆಯುವ ಅಧಿಕಾರವಾಗದು. ಬಿಜ್ಜಳನ ಭಂಡಾರದ ಹೊಣೆ ಬಸವಣ್ಣನವರ ಕೈಯಲ್ಲಿತ್ತು. ಕೈಗೆಟುಕಿತೆಂದು ಅವರು ಅದನ್ನು ತಮ್ಮದೆನ್ನಲಿಲ್ಲ.

ಇಲ್ಲಿ ಒಂದು ಕಠಿಣವಾದ ಆಕ್ಷೇಪ ಏಳುತ್ತದೆ. ಒಡೆಯನೇ ದುಷ್ಟನಾಗಿ, ಬಡವರ ಹಣ ನುಂಗಿದ ಲೆಕ್ಕವನ್ನು ತನ್ನ ಗಣಕದಲ್ಲಿ ಅಡಗಿಸಿಟ್ಟಿದ್ದರೆ, ಆತನನ್ನು ಎಬ್ಬಿಸಿ ಫಲವೇನು? ಇಂತಹ ಕಡೆ ಕನ್ನವು ಧರ್ಮವಾಗದೆ? ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಮಕ್ಕಳ ವಿವಾಹದಿಂದ ಅಂದಿನ ಕಟ್ಟಳೆಯನ್ನು ಮೀರಿದರು. ಆದರೆ ಹಗಲಿನಲ್ಲಿ, ಎಲ್ಲರೆದುರು ಮೀರಿದರು. ಅದರಿಂದ ಏನನ್ನೂ ಗಳಿಸಲಿಲ್ಲ. ಒದಗಿದ ಘೋರ ಶಿಕ್ಷೆಯನ್ನು ತಪ್ಪಿಸಿಕೊಳ್ಳಲಿಲ್ಲ. ಕಟ್ಟಳೆ ಮೀರುವ ಧರ್ಮಕ್ಕೆ ಇದು ಒರೆಗಲ್ಲು. ಹೆಸರನ್ನು ಮುಚ್ಚಿಕೊಂಡು ಕತ್ತಲಲ್ಲಿ ಕೊರೆಯುವವನಾದರೋ ತಾನೇ ಸಾಕ್ಷಿ, ತಾನೇ ನ್ಯಾಯಾಧೀಶನಾಗುತ್ತಾನೆ. ದುಷ್ಟನ ಲೆಕ್ಕದೊಡನೆ ನಿರಪರಾಧಿಗಳ ಗುಟ್ಟುಗಳೂ ಬೀದಿಗೆ ಬೀಳುತ್ತವೆ. ಬೇರೆ ದಾರಿಯೆಲ್ಲ ಮುಚ್ಚಿದ ಅಪೂರ್ವ ಪ್ರಸಂಗ ಯಾರಿಗಾದರೂ ಬಂದೀತು. ಆಗಲೂ ಆತನು ಕಾಸು ಮುಟ್ಟದೆ, ಹೆಸರು ಮರೆಮಾಡದೆ, ದಂಡನೆಗೆ ತಲೆಯೊಡ್ಡಲು ಸಿದ್ಧನಿರಬೇಕು. ಅಷ್ಟು ಸಿದ್ಧತೆಯಿಲ್ಲದವನು ಧರ್ಮದ ಹೆಸರೆತ್ತಬಾರದು. ಇನ್ನು ದೋಷವನ್ನು ಕಂಡೂ ಒಡೆಯನು ಕೇಳದಿದ್ದರೆ, ದೂರು ಕೊಡಲು 2004ರಿಂದ ಕೇಂದ್ರ ಸರ್ಕಾರದ ಸರ್ಟ್-ಇನ್ ಎಂಬ ಸಂಸ್ಥೆಯಿದೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿದಳಷ್ಟೆ. ನೆಲದಲ್ಲಿ ಚೆಲ್ಲಿದ ಅಕ್ಕಿಯ ವಿಷಯದಲ್ಲಿಯೇ ಅಷ್ಟು ಎಚ್ಚರವಿದ್ದ ಮನೆತನ ನಮ್ಮದು. ಆದುದರಿಂದ ಕ್ಯಾತನಹಳ್ಳಿಯ ತಂದೆ ಮಗನನ್ನು ಗದರಿಸಬೇಕಿಲ್ಲ. ಮೂರು ಮಾತು ಕೇಳಿದರೆ ಸಾಕು: ಮಗು, ಒಡೆಯನು ನಿನ್ನನ್ನು ಕರೆದಿದ್ದನೇ? ಕಂಡುದನ್ನು ಮೊದಲು ಆತನಿಗೇ ಹೇಳಿದೆಯಾ? ಬರುವಾಗ ಕೈ ಬರಿದಾಗಿತ್ತೇ? ಮೂರಕ್ಕೂ ಹೌದೆಂದರೆ ಅದು ಕಾಯಕ; ಆ ಸಂಬಳ ನಿಸ್ಸಂದೇಹವಾಗಿ ದಾಸೋಹಕ್ಕೆ ಸಲ್ಲುತ್ತದೆ. ಒಂದಕ್ಕೆ ಮೌನವಾದರೂ ಆ ಅಕ್ಕಿಯನ್ನು ಒಲೆಗೇರಿಸುವ ಮೊದಲು ಹಿಂದಿರುಗಿಸುವುದೇ ಲೇಸು.