ಇಂದಿನ ಧಮ್ಮ ಚಿಂತನೆ: ಹಳೆ ಇಂಜಿನ್ ಎಷ್ಟು ಬಿಚ್ಚಬೇಕು?



ಬಂಧುಗಳೇ, ಬಳ್ಳಾರಿಯಲ್ಲಿ ಮೆಕ್ಯಾನಿಕ್ ಆಗಿರುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: "ಅಣ್ಣಾ, ಗುಜರಿಯಿಂದ ಇಂಜಿನ್ ತಂದೀನಿ. ಹಂಗೇ ಕುಂದ್ರಸೋಣೋ, ಪೂರಾ ಬಿಚ್ಚೋಣೋ?" ಸಿರುಗುಪ್ಪ, ಕುರುಗೋಡು ಕಡೆ ಹಳೆ ಇಂಡಿಕಾ ಡೀಸೆಲ್ ಬಾಡಿಗೆಗೆ ಓಡಿಸುವವನಿಗೆ ಇದು ಸಣ್ಣ ಮಾತಲ್ಲ. ಬಿಚ್ಚಿದರೆ ಸಾಲ, ಬಿಚ್ಚದಿದ್ದರೆ ಭಯ.

"ಮಧ್ಯಮ ಮಾರ್ಗ ಹಿಡಿ, ಅರ್ಧ ಮಾಡಿಸು" ಎನ್ನುವವರಿದ್ದಾರೆ. ಮಧ್ಯಮ ಮಾರ್ಗ ಎಂದರೆ ಅರ್ಧ ಖರ್ಚು ಅಲ್ಲ. ಧಮ್ಮಕ್ಕೆ 'ಎಹಿಪಸ್ಸಿಕೋ' ಎಂಬ ಗುಣವಿದೆ. ಬಾ, ನೀನೇ ನೋಡು ಎಂದರ್ಥ. ಹಾಗೆಯೇ ಇಲ್ಲೂ ಮೊದಲು ನೋಡಬೇಕು. ಗೇಜ್ ಹಾಕಿದರೆ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಒಂದಕ್ಕೊಂದು ಹತ್ತಿರವಿದೆಯೇ? ಆಯಿಲ್ ಚೇಂಬರ್ ಇಳಿಸಿದರೆ ತಳದಲ್ಲಿ ಲೋಹದ ಚೂರು ಇದೆಯೇ? ಬೇರಿಂಗ್ ಸವೆದಿದೆಯೇ? ಎಲ್ಲ ಸರಿ ಇದ್ದರೆ ಪಿಸ್ಟನ್, ರಿಂಗ್ ಮುಟ್ಟುವುದು ಬೇಡ. ಭಯಕ್ಕೆ ಒಳ್ಳೆಯ ಭಾಗ ಬದಲಿಸುವುದೂ ಅಜ್ಞಾನವೇ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ: ಕೆಟ್ಟರೆ ಪೆಟ್ಟು ಯಾರಿಗೆ? ಸ್ವಲ್ಪ ಆಯಿಲ್ ಕುಡಿದರೆ ನಷ್ಟ ಮಾಲೀಕನಿಗೆ. ಅದನ್ನು ಸಹಿಸುವುದು ಅವನ ಇಷ್ಟ. ಆದರೆ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವ್‌ಗೆ ಪಿಸ್ಟನ್ ಬಡಿದು, ಓಡುವ ಇಂಜಿನ್ ನಿಲ್ಲುತ್ತದೆ. ಇಂಜಿನ್ ನಿಂತರೆ ವ್ಯಾಕ್ಯೂಮ್ ಹೋಗಿ ಬ್ರೇಕ್ ಗಟ್ಟಿಯಾಗುತ್ತದೆ. ಆಗ ಹಿಂದಿನ ಸೀಟಿನಲ್ಲಿ ಸಿರುಗುಪ್ಪದಿಂದ ಆಸ್ಪತ್ರೆಗೆ ಬರುವ ಬಾಣಂತಿ ಇರಬಹುದು, ಕುರುಗೋಡಿನಿಂದ ಪರೀಕ್ಷೆಗೆ ಹೊರಟ ಹುಡುಗಿ ಇರಬಹುದು. ಅವರನ್ನು ನಾವು ಕೇಳಿಲ್ಲ. ನಮ್ಮ ಉಳಿತಾಯಕ್ಕೆ ಅವರ ಜೀವ ಅಡವಿಡುವ ಹಕ್ಕು ನಮಗಿಲ್ಲ.

ಅದಕ್ಕೇ ಎಷ್ಟೇ ಬಡತನವಿರಲಿ, ಇಂಜಿನ್ ನೆಲದ ಮೇಲಿರುವಾಗಲೇ ಬೆಲ್ಟ್, ಟೆನ್ಷನರ್ ಹೊಸದು ಹಾಕಿಸಿ ಎನ್ನುತ್ತೇನೆ. ಹಿಂದಿನ ಆಯಿಲ್ ಸೀಲ್ ಕೂಡ ಆಗಲೇ ಬದಲಿಸಿ. ಕಾರಿಗೆ ಕೂರಿಸಿದ ಮೇಲೆ ಅದಕ್ಕೆ ಕೈ ತಲುಪದು. ಪೇಂಟ್, ಸೀಟ್ ಕವರ್ ಕಾಯಲಿ. ಬಿಚ್ಚದ ಇಂಜಿನನ್ನು "ಫುಲ್ ಕೆಲಸ ಆಗಿದೆ" ಎಂದು ಮಾರಿದರೆ ನಾಲ್ಕನೆಯ ಶೀಲ ಅಲ್ಲೇ ಮುರಿಯಿತು.

ಬಾಬಾಸಾಹೇಬರು ಹಳೆಯದನ್ನು ಹಳೆಯದೆಂದು ಪೂಜಿಸಲಿಲ್ಲ, ಹಳೆಯದೆಂದು ಎಸೆಯಲೂ ಇಲ್ಲ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಬುದ್ಧನ ಹೆಸರಿನಲ್ಲಿ ಬಂದ ಮಾತುಗಳನ್ನೂ ಅವರು ಒರೆಗೆ ಹಚ್ಚಿದರು. ಇದು ತರ್ಕಕ್ಕೆ ನಿಲ್ಲುತ್ತದೆಯೇ? ಮನುಷ್ಯನ ಹಿತಕ್ಕೆ ಬೇಕೇ? ಗೇಜ್ ಕೇಳುವುದು ಮೊದಲನೆಯದನ್ನು, ಹಿಂದಿನ ಸೀಟು ಕೇಳುವುದು ಎರಡನೆಯದನ್ನು.

ದೀಕ್ಷೆಯ ನಂತರವೂ ನಮ್ಮ ಮನೆಗಳಲ್ಲಿ ಹಳೆ ರೂಢಿಗಳು ಉಳಿದಿವೆ. ಇಂದು ಒಂದನ್ನಾದರೂ ಬಿಚ್ಚಿ ನೋಡೋಣ. ಅದು ಸವೆದರೆ ಪೆಟ್ಟು ಬೀಳುವುದು ನಮಗೋ, ನಮ್ಮ ಹೆಣ್ಣುಮಕ್ಕಳಿಗೋ?

ಭವತು ಸಬ್ಬ ಮಂಗಲಂ. ಜೈ ಭೀಮ್.