ಪಾದಾಂಶಿಕ ಕ್ರಮ

ದುಶ್ಚಟಕ್ಕೆ ಸಿಕ್ಕಿದ ಮಗನಿಗೆ "ಇಂದೇ ಬಿಡು, ಇಲ್ಲವೇ ಮನೆ ಬಿಟ್ಟು ನಡೆ" ಎನ್ನುವುದು ಧರ್ಮವೋ, ಕಡಮೆ ಮಾಡುವೆನೆಂಬ ಅವನ ಮಾತನ್ನೂ ಅಂಗೀಕರಿಸುವುದು ಧರ್ಮವೋ? ಗಾಂಜಾ ಸೇವನೆಯ ವಿಷಯದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆಯಿದು.

ಈ ಸೀಮೆಗೆ ಆ ಸೊಪ್ಪು ಹೊಸತಲ್ಲ. ಮಂಟೇಸ್ವಾಮಿ, ಸಿದ್ಧಪ್ಪಾಜಿಯವರ ಪರಂಪರೆಯಲ್ಲಿ ಭಂಗಿಗೆ ಸ್ಥಾನವುಂಟು. ಆದರೆ ಅಲ್ಲಿ ಕಾಲವುಂಟು, ಗದ್ದುಗೆಯುಂಟು, ನೋಡುವ ಹಿರಿಯರುಂಟು. ಮರೆಯಲ್ಲಿ ನಿತ್ಯವೂ ಹೊಗೆ ಸೇದುವ ತರುಣನಿಗೆ ಈ ಕಟ್ಟುಗಳಲ್ಲಿ ಒಂದೂ ಇಲ್ಲವಾದುದರಿಂದ ಪರಂಪರೆಯ ನೆಪವು ಅವನಿಗೆ ಸಲ್ಲದು. ಮಿದುಳು ಇಪ್ಪತ್ತೈದರ ಸುಮಾರಿನವರೆಗೂ ಬಲಿಯುತ್ತಿರುವುದು. ಎಳೆವಯಸ್ಸಿನ ನಿತ್ಯಸೇವನೆಯು ಚಿತ್ತಭ್ರಮೆಯ ಅಪಾಯವನ್ನು ಹೆಚ್ಚಿಸುವುದೆಂದು ವೈದ್ಯರು ಕಂಡುಕೊಂಡಿದ್ದಾರೆ.

ಅಹಿತವಾದ ಅಭ್ಯಾಸವನ್ನು ಕಾಲುಪಾಲಿನ ಲೆಕ್ಕದಲ್ಲಿ ಕ್ರಮೇಣ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ವಿಧಿಸಿರುವುದು. ಇದೇ ಪಾದಾಂಶಿಕ ಕ್ರಮ. ಇದು ದೋಷಕ್ಕೆ ಅನುಮತಿಯಲ್ಲವೇ ಎಂದು ಆಕ್ಷೇಪಿಸುವವರುಂಟು. ಅಲ್ಲ, ಗುರಿಯು ತ್ಯಾಗವೇ, ದಾರಿ ಮಾತ್ರ ಮೆಟ್ಟಿಲುಮೆಟ್ಟಿಲಾದುದು. ನಿತ್ಯದ ಸೇವನೆ ವಾರಕ್ಕೊಮ್ಮೆಗೆ ಇಳಿಯಲಿ. ಅದರೊಡನೆ ಹೊಗೆಸೊಪ್ಪು ಬೆರೆಯದಿರಲಿ. ಸೇದಿದವನು ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬೈಕು ಓಡಿಸದಿರಲಿ. ಇಷ್ಟಾದರೂ ಒಂದು ಪ್ರಾಣ ಉಳಿದೀತು. ವಂಶದಲ್ಲಿ ಮನೋರೋಗವುಳ್ಳವನಿಗೆ ಮಾತ್ರ ಈ ರಿಯಾಯಿತಿ ಕೂಡದು.

1985ರ ಮಾದಕವಸ್ತು ಕಾಯಿದೆಯು ಗಾಂಜಾ ಸೇವನೆಯನ್ನು ದಂಡಿಸುವುದು ನಿಜ. ಆದರೂ ಅದರ 64ಎ ಕಲಮು, ಅಲ್ಪ ಪ್ರಮಾಣದ ಅಪರಾಧಕ್ಕೆ ಸಿಕ್ಕಿದ ವ್ಯಸನಿಯು ತಾನಾಗಿ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಿಸುವುದು. ಸರ್ಕಾರವೇ ತೆರೆದಿಟ್ಟ ಬಾಗಿಲನ್ನು, ಸಂಬಂಧ ಕೂಡದೆಂಬ ಭಯದಿಂದ, ತಂದೆತಾಯಿಗಳು ಮುಚ್ಚುವರು! ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಮಾತನಾಡಬಹುದು.